ಅಜ್ಜಿಯ ಸೊಂಟದ ಆಪರೇಶನ್: ರಕ್ತ ಉಳಿಸುವ ಬಗೆ

ಪಾಣೆಮಂಗಳೂರಿನಿಂದ ಅಜ್ಜಿಯನ್ನು ಸೊಂಟದ ಕೀಲು ಬದಲಿಸಲು ಮಂಗಳೂರಿಗೆ ಕರೆದೊಯ್ಯುವಾಗ ಮನೆಯವರದೆಲ್ಲ ಒಂದೇ ಚಿಂತೆ: "ರಕ್ತ ಯಾರು ಕೊಡ್ತಾರೆ?" ಇರುವ ರಕ್ತ ಉಳಿಸುವ ದಾರಿ ಮೊದಲು ನೋಡಬೇಡವೇ? ಮೂರು ನಾಲ್ಕು ವಾರ ಮುಂಚೆಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿಯೊಂದಿಗೆ ಕೊಡಬೇಡಿ, ಮೈಗೆ ಹತ್ತದು. ಆಸ್ಪಿರಿನ್ ನುಂಗುತ್ತಿದ್ದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಜಾರಿ ಬಿದ್ದು ಮೂಳೆ ಮುರಿದಿದ್ದರೆ ಮಾತ್ರ ಇದಕ್ಕೆಲ್ಲ ಕಾಯಬಾರದು.

ಆಪರೇಶನ್ ಹೊತ್ತಿಗೆ ಟ್ರಾನೆಕ್ಸಾಮಿಕ್ ಆಸಿಡ್ ಚುಚ್ಚುಮದ್ದು ಕೊಡುವುದುಂಟು. ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ಅದು ತಡೆಯುತ್ತದೆ. ಮುಟ್ಟಿನಲ್ಲಿ ಅತಿಯಾಗಿ ಹೋಗುವವರಿಗೆ ಕೊಡುವ ಮಾತ್ರೆಯೂ ಇದೇ ಮದ್ದು! 1962ರಲ್ಲಿ ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ. ಆಕೆ ಹುಡುಕಹೊರಟದ್ದು ಬಾಣಂತಿಯರ ರಕ್ತಸ್ರಾವಕ್ಕೆ ಮದ್ದು. ಅಜ್ಜಿಗೆ ಹಿಂದೆ ಕಾಲಿನ ನರದಲ್ಲಿ ರಕ್ತ ಕಟ್ಟಿದ್ದು, ಫಿಟ್ಸ್, ಕಿಡ್ನಿ ತೊಂದರೆ ಏನಿದ್ದರೂ ಡಾಕ್ಟರಿಗೆ ಮುಂಚೆಯೇ ಹೇಳಿಬಿಡಿ.