ಒಳ್ಳೆ ಬೆಳೆಯ ಗೂಡು ಬಿತ್ತನೆಗೆ ಯಾಕಾಗದು?

ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ರಿಂಗ್ ರಸ್ತೆ ಬಿಟ್ಟು ಮೈಸೂರು ರಸ್ತೆ ಹಿಡಿದರೆ ಕೆಂಗೇರಿ, ಬಿಡದಿ ದಾಟಿದ ಮೇಲೆ ರಾಮನಗರ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹರಾಜಿಗೆ ಸುರಿದ ಗೂಡಿನಲ್ಲಿ ಎರಡು ಬಣ್ಣ ಎದ್ದು ಕಾಣುತ್ತವೆ. ಬೆಳ್ಳಗಿರುವುದು ದ್ವಿತಳಿ, ಅಂದರೆ ವರ್ಷಕ್ಕೆ ಎರಡು ತಲೆಮಾರಿನದು; ಹಳದಿ ಇರುವುದು ಮಿಶ್ರತಳಿ. ಮಿಶ್ರತಳಿಗೆ ತಾಯಿ ನಮ್ಮ ಹಳೆಯ ಮೈಸೂರು ತಳಿ; ತಂದೆ ಸಿಎಸ್‌ಆರ್-2ರಂಥ ಬಿಳಿ ಗೂಡಿನ ದ್ವಿತಳಿ.

ಬೆಳೆ ಕೈಹಿಡಿದಾಗ ರೈತನಿಗೆ ಒಂದು ಯೋಚನೆ ಬಂದೇ ಬರುತ್ತದೆ. ಪ್ರತಿ ಸಲ ದುಡ್ಡು ಕೊಟ್ಟು ಮೊಟ್ಟೆ ತರುವ ಬದಲು ಇದೇ ಗೂಡಿನಲ್ಲಿ ಒಂದಿಷ್ಟು ಉಳಿಸಿಕೊಂಡು ಚಿಟ್ಟೆ ಬಿಡಿಸಿದರೆ ಆಗದೇ? ಬೇಡ ಅನ್ನುತ್ತಾರೆ ರೇಷ್ಮೆ ಇಲಾಖೆಯವರು. ಬಿತ್ತನೆ ಮೊಟ್ಟೆ ತಯಾರಿಕೆಗೆ ಪರವಾನಗಿ ಬೇಕೆಂದು 1959ರ ಕಾಯ್ದೆಯೂ ಇದೆ. ಆದರೆ ಯಾಕೆ ಬೇಡ ಎಂದು ಕೂತು ಬಿಡಿಸಿ ಹೇಳುವವರು ಕಡಿಮೆ. ಅದನ್ನು ಹೇಳಹೊರಟರೆ ಆನುವಂಶಿಕತೆಯ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಮೆಂಡೆಲ್ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದ್ದು 1866ರಲ್ಲಿ. ಅದು ಧೂಳು ಕೊಡವಿಕೊಂಡು ಮೇಲೆದ್ದದ್ದು 1900ರಲ್ಲಿ. ಅದನ್ನು ರೇಷ್ಮೆಹುಳುವಿಗೆ ಹಚ್ಚಿ ನೋಡಿದವರು ಜಪಾನಿನ ಕಾಮೆತಾರೊ ತೋಯಾಮ. 1902ರಲ್ಲಿ ಸಯಾಂ ದೇಶಕ್ಕೆ, ಅಂದರೆ ಇಂದಿನ ಥಾಯ್ಲೆಂಡಿಗೆ, ಕೆಲಸಕ್ಕೆ ಹೋದವರು ಅಲ್ಲಿನ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ತಳಿಗೂ ಜೋಡಿ ಕಟ್ಟಿದರು. ಮೊದಲ ತಲೆಮಾರಿನ ಹುಳುಗಳೆಲ್ಲ ಹಳದಿ ಗೂಡನ್ನೇ ಕಟ್ಟಿದವು. ಅವುಗಳೊಳಗೇ ಜೋಡಿ ಮಾಡಿಸಿದಾಗ ಬಿಳಿ ಗೂಡು ಮತ್ತೆ ಬಂತು, ಮೂರು ಹಳದಿಗೆ ಒಂದು ಬಿಳಿಯಂತೆ. ಈ ಲೆಕ್ಕ ಅಚ್ಚಾದದ್ದು 1906ರಲ್ಲಿ.

ಹಾಗಾದರೆ ನಡುವಿನ ತಲೆಮಾರಿನಲ್ಲಿ ಬಿಳಿ ಎಲ್ಲಿತ್ತು? ಹಳದಿ ಬಣ್ಣವನ್ನು ಹುಳು ತಾನಾಗಿ ತಯಾರಿಸುವುದಿಲ್ಲ. ಅದು ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಕೆರೊಟಿನಾಯ್ಡ್. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಅದನ್ನು ಹೊತ್ತೊಯ್ಯಲು ಒಂದು ಪ್ರೋಟೀನ್ ಬೇಕು. ಬಿಳಿ ಗೂಡಿನ ತಳಿಯಲ್ಲಿ ಆ ಪ್ರೋಟೀನಿನ ವಂಶವಾಹಿಯ ಒಂದು ತುಣುಕು ಕಳಚಿಹೋಗಿದೆ ಎಂದು ಜಪಾನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಪ್ರತಿ ಹುಳುವಿನಲ್ಲೂ ವಂಶವಾಹಿಗೆ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ನೀರು ಹೊರುವವರು ಇಬ್ಬರಿದ್ದು ಒಬ್ಬ ಮಲಗಿಬಿಟ್ಟರೂ ತೊಟ್ಟಿ ತುಂಬುತ್ತದಲ್ಲ, ಹಾಗೆ ಒಂದು ಪ್ರತಿ ನೆಟ್ಟಗಿದ್ದರೂ ಗೂಡು ಹಳದಿಯಾಗುತ್ತದೆ. ಪ್ರಬಲ ಗುಣ ಎನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಕೆಟ್ಟ ಪ್ರತಿ ಎಲ್ಲೂ ಹೋಗಿರಲಿಲ್ಲ, ಹಳದಿಯೊಂದಿಗೆ ಕಲಸಿಹೋಗಿಯೂ ಇರಲಿಲ್ಲ. ಮೊಟ್ಟೆಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಾಗ ಬಿಳಿ ಕಾಣಿಸಿಕೊಂಡಿತು. ಮಿಶ್ರತಳಿ ಚಿಟ್ಟೆಯೊಂದು ಮಿಶ್ರತಳಿ ಗಂಡಿನೊಡನೆಯೇ ಕೂಡಿ 400 ಮೊಟ್ಟೆ ಇಟ್ಟಿತು ಅನ್ನಿ. ಹೆಚ್ಚುಕಮ್ಮಿ 100ಕ್ಕೆ ಎರಡೂ ಪ್ರತಿ ಸರಿ, 200ಕ್ಕೆ ಒಂದು ಸರಿ ಒಂದು ಕೆಟ್ಟದ್ದು, 100ಕ್ಕೆ ಎರಡೂ ಕೆಟ್ಟದ್ದು.

ಬಣ್ಣದ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಹಳದಿ ಇರುವುದು ಬಹುಪಾಲು ಎಳೆಯ ಮೇಲಿನ ಗೋಂದಿನಲ್ಲಿ. ರೇಷ್ಮೆ ಬೇಯಿಸಿ ಗೋಂದು ತೆಗೆದರೆ ಬಣ್ಣವೂ ಹೋಗುತ್ತದೆ. ಪೆಟ್ಟು ಬೀಳುವುದು ಬೇರೆ ಕಡೆ. ಮೈಸೂರು ತಳಿ ನಮ್ಮ ಬಿಸಿಲು, ರೋಗ ತಡೆಯುವ ಗಟ್ಟಿ ಹುಳು, ಆದರೆ ಅದರ ಗೂಡಿನ ಎಳೆ 400 ಮೀಟರ್ ಆಸುಪಾಸು. ದ್ವಿತಳಿಯ ಎಳೆ ಸಾವಿರ ಮೀಟರ್ ಮುಟ್ಟುತ್ತದೆ, ಹುಳು ಮಾತ್ರ ನಾಜೂಕು. ಎಳೆಯ ಉದ್ದ, ಮೈಗಟ್ಟಿ, ಮೇಯುವ ವೇಗ ಇವೆಲ್ಲ ನಮ್ಮ ಎತ್ತರದ ಹಾಗೆ ಎಷ್ಟೋ ವಂಶವಾಹಿಗಳ ಕೂಡು ಕೆಲಸ. ಎರಡು ಶುದ್ಧ ತಳಿ ಸೇರಿದಾಗ ಪ್ರತಿ ಮರಿಗೂ ಅದೇ ಜೋಡಿ ಸಿಗುವುದರಿಂದ ಇಡೀ ತಟ್ಟೆ ಒಂದೇ ಸಮನಾಗಿ ಬೆಳೆಯುತ್ತದೆ. ಮುಂದಿನ ತಲೆಮಾರಿನಲ್ಲಿ ಆ ಜೋಡಿಗಳು ಒಡೆಯುತ್ತವೆ. ರೇಷ್ಮೆಹುಳುವಿಗೆ 28 ಜೊತೆ ವರ್ಣತಂತು. ಪ್ರತಿ ಜೊತೆಯಿಂದ ಒಂದನ್ನೇ ಆರಿಸಿದರೂ ತಾಯಿಯೊಬ್ಬಳಿಂದ 26 ಕೋಟಿಗೂ ಮೀರಿದ ಬಗೆಯ ಮೊಟ್ಟೆ ಸಾಧ್ಯ. ಮನೆಯಲ್ಲೇ ಬಿಡಿಸಿದ ಮೊಟ್ಟೆಯ ತಟ್ಟೆಯಲ್ಲಿ ಕೆಲವು ಹುಳು ಪೊರೆ ಕಳಚುವ ಜ್ವರಕ್ಕೆ ಕೂತಿರುತ್ತವೆ, ಪಕ್ಕದವು ಇನ್ನೂ ಮೇಯುತ್ತಿರುತ್ತವೆ. ಹಣ್ಣಾದವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದೇ ದಿನಗಟ್ಟಲೆಯ ಗೋಳು. ಒಂದು ಗೂಡು ದಪ್ಪ, ಒಂದು ಜೊಳ್ಳು. ನೂಲು ತೆಗೆಯುವ ರೀಲರ್ ಮುಟ್ಟಿ ನೋಡಿ ಬೆಲೆ ಇಳಿಸುತ್ತಾನೆ. ಹಾಗಾಗಿಯೇ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದಲ್ಲಿ ಶುದ್ಧ ಮೈಸೂರು ತಳಿಯನ್ನು ಬೇರೆಯೇ ಸಾಕಿಸುವುದು. ಮಿಶ್ರತಳಿ ಬೇಕೆಂದರೆ ಎಲ್ಲೋ ಒಂದು ಕಡೆ ಶುದ್ಧ ತಳಿ ಉಳಿದಿರಲೇಬೇಕು.

ಅಷ್ಟಿದ್ದರೂ ಮೈಸೂರು ತಳಿಯೇ ತಾಯಿ ಯಾಕೆ, ತಂದೆ ಯಾಕಲ್ಲ? ವಂಶವಾಹಿಯ ಲೆಕ್ಕದಲ್ಲಿ ಅದಲುಬದಲಾದರೆ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಮೊಟ್ಟೆ ಕೂಡಲೇ ಒಡೆಯುವುದೋ, ತಿಂಗಳುಗಟ್ಟಲೆ ನಿದ್ದೆ ಹೋಗುವುದೋ ಎಂಬುದು ಮೊಟ್ಟೆಯೊಳಗಿನ ಮರಿಯ ವಂಶವಾಹಿಯ ಮೇಲಲ್ಲ, ತಾಯಿಯ ಮೈಯಲ್ಲಿ ಸ್ರವಿಸುವ ಹಾರ್ಮೋನಿನ ಮೇಲೆ ನಿಂತಿದೆ. ಮೈಸೂರು ತಾಯಿಯ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ. ದ್ವಿತಳಿ ತಾಯಿಯ ಮೊಟ್ಟೆಯನ್ನು ನಿದ್ದೆಗೆ ಜಾರುವ ಮುಂಚೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ನಿದ್ದೆ ತಪ್ಪಿಸಬೇಕು.

ತಾಯಿಯಿಂದ ಮರಿಗೆ ದಾಟುವ ಇನ್ನೊಂದಿದೆ, ಗಂಟುರೋಗ. ಅದು ವಂಶವಾಹಿಯಲ್ಲಿಲ್ಲ, ಮೊಟ್ಟೆಯೊಳಗೇ ಹೊಕ್ಕು ಕೂರುವ ಪರಾವಲಂಬಿ ಜೀವಿಯದು. ಬಿತ್ತನೆ ಮೊಟ್ಟೆ ತಯಾರಿಸುವ ಕೋಠಿಯಲ್ಲಿ ಮೊಟ್ಟೆ ಇಟ್ಟು ಮುಗಿದ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದಕ್ಕೇ. ಈ ದಾರಿ ತೋರಿಸಿದವರು ಲೂಯಿ ಪಾಶ್ಚರ್. ರೋಗದ ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರೆ, ತಳಿ ಎಷ್ಟೇ ಒಳ್ಳೆಯದಿರಲಿ. ಮನೆಯಲ್ಲೇ ಚಿಟ್ಟೆ ಬಿಡಿಸುವವನ ಹತ್ತಿರ ಆ ಸೂಕ್ಷ್ಮದರ್ಶಕವೂ ಇರುವುದಿಲ್ಲ.