ಬಹುಸ್ತರದ ತರಗತಿ ಮತ್ತು ಬೋಧನಾ ತಂತ್ರಜ್ಞಾನ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಎರಡನೆಯ ವರ್ಷದ ತರಗತಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಶಿಶುವಿಹಾರದಿಂದಲೇ ಇಂಗ್ಲಿಷಿನಲ್ಲಿ ಕಲಿತವರು ಮತ್ತು ಡಿಪ್ಲೊಮಾ ಮುಗಿಸಿ ನೇರವಾಗಿ ಆ ವರ್ಷಕ್ಕೆ ಸೇರಿದವರು ಒಟ್ಟಿಗೆ ಕುಳಿತು ಒಂದೇ ಉಪನ್ಯಾಸವನ್ನು ಕೇಳುತ್ತಾರೆ. ಅವರ ಅಂಕಗಳಲ್ಲಿ ಕಾಣುವ ಅಂತರವನ್ನು ಬುದ್ಧಿಯ ಅಂತರವೆಂದು ಎಣಿಸುವುದು ತಪ್ಪು. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವಷ್ಟು ಹೊತ್ತು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯನ್ನು ಮನೋವಿಜ್ಞಾನಿಗಳು ಕಾರ್ಯಸ್ಮೃತಿ ಎಂದು ಕರೆಯುತ್ತಾರೆ. ಈ ಸ್ಮೃತಿ ಎಲ್ಲರಲ್ಲಿಯೂ ಸೀಮಿತವಾಗಿರುವುದರಿಂದ, ಅಪರಿಚಿತ ಭಾಷೆಯನ್ನು ಬಿಡಿಸಿಕೊಳ್ಳುವುದಕ್ಕೇ ಅದರ ಬಹುಪಾಲು ಖರ್ಚಾದಾಗ ವಿಷಯಕ್ಕೆ ಉಳಿಯುವುದು ಅಲ್ಪ.

ಧ್ವನಿಮುದ್ರಿತ ಪಾಠದ ನಿಜವಾದ ಮೌಲ್ಯ ಇರುವುದು ಇಲ್ಲಿಯೇ: ತಡೆದು, ಹಿಂದಕ್ಕೆ ಸರಿಸಿ ಮತ್ತೆ ಕೇಳುವ ಹಕ್ಕು ವಿದ್ಯಾರ್ಥಿಯ ಕೈಗೆ ಬರುತ್ತದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಹಲವು ಉಪನ್ಯಾಸಗಳ ಪಠ್ಯ ಈಗ ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ತಂತ್ರಾಂಶವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ತಾನು ಕಲಿತ ಧ್ವನಿಮಾದರಿಗಳನ್ನಷ್ಟೇ ಚೆನ್ನಾಗಿ ಗುರುತಿಸುತ್ತದೆ. ಅಮೆರಿಕದ ಐದು ಪ್ರಮುಖ ಕಂಪನಿಗಳ ಇಂತಹ ವ್ಯವಸ್ಥೆಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಪ್ಪಾದ ಪದಗಳ ಪ್ರಮಾಣ ಬಿಳಿಯರ ಮಾತಿನಲ್ಲಿ ಸರಾಸರಿ ಶೇ. 19, ಕಪ್ಪುಜನರ ಮಾತಿನಲ್ಲಿ ಶೇ. 35 ಇತ್ತು. ಯಾರಿಗೆ ನೆರವಾಗಬೇಕಿತ್ತೋ ಅವರನ್ನೇ ಉಪಕರಣ ಹಿಂದಕ್ಕೆ ತಳ್ಳುವ ಅಪಾಯ ನೈಜವಾದುದು.

ಪಾಠವನ್ನು ತಲುಪಿಸುವುದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಅದು ಯಾರಿಗೆ ಏನು ಅರ್ಥವಾಗಿಲ್ಲ ಎಂಬುದನ್ನು ಅಧ್ಯಾಪಕರಿಗೆ ಆ ಕ್ಷಣವೇ ತಿಳಿಸುವುದು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅಳುಕುವ ವಿದ್ಯಾರ್ಥಿ ಕೈ ಎತ್ತುವುದಿಲ್ಲ, ಆದರೆ ಕ್ಲಿಕ್ಕರ್ ಎಂಬ ಪುಟ್ಟ ಸಾಧನದ ಅಥವಾ ಮೊಬೈಲಿನ ಗುಂಡಿಯನ್ನು ಒತ್ತಬಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಸಹಪಾಠಿ ಬೋಧನೆಯ ಕ್ರಮದಲ್ಲಿ, ವಿದ್ಯಾರ್ಥಿಗಳು ಪ್ರಶ್ನೆಯೊಂದಕ್ಕೆ ಮೊದಲು ಒಬ್ಬೊಬ್ಬರಾಗಿ ಉತ್ತರಿಸಿ, ಉತ್ತರಗಳು ಚದುರಿದ್ದರೆ ಪಕ್ಕದವರೊಡನೆ ವಾದಿಸಿ, ಮತ್ತೊಮ್ಮೆ ಉತ್ತರಿಸುತ್ತಾರೆ. ಆ ವಾದ ಕನ್ನಡದಲ್ಲಿಯೇ ನಡೆಯಬಹುದು ಎಂಬುದು ನಮ್ಮ ಕಾಲೇಜುಗಳು ಗಮನಿಸಬೇಕಾದ ಅಂಶ. ಹೀಗೆ ವಿದ್ಯಾರ್ಥಿಯನ್ನು ತೊಡಗಿಸುವ ವಿಧಾನಗಳ ಕುರಿತ ಹಲವು ಅಧ್ಯಯನಗಳನ್ನು 2020ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಅಲ್ಪಸಂಖ್ಯಾತ ಹಾಗೂ ಬಡ ವಿದ್ಯಾರ್ಥಿಗಳಿಗೂ ಉಳಿದವರಿಗೂ ನಡುವೆ ಉತ್ತೀರ್ಣತೆಯಲ್ಲಿದ್ದ ಅಂತರ ಶೇ. 45ರಷ್ಟು ಕುಗ್ಗಿದ್ದು ಕಂಡಿತು. ಆದರೆ ತರಗತಿಯ ಬಹುಪಾಲು ಸಮಯ ಇದಕ್ಕೆ ಮೀಸಲಾದಲ್ಲಿ ಮಾತ್ರ ಈ ಫಲ ದೊರೆತಿತ್ತು. ಅಪರೂಪಕ್ಕೊಮ್ಮೆ ಒತ್ತಿಸುವ ಗುಂಡಿಯಿಂದಲ್ಲ.

ತರಗತಿಯೊಳಗಿನ ಅಂತರ ಭಾಷೆಯದಷ್ಟೇ ಅಲ್ಲ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ವಿಷಯದಲ್ಲಿ ಬೇಕಾದ ಸಾಧನ ಆಗಲೇ ಉಚಿತವಾಗಿದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಎನ್‌ವಿಡಿಎ ಎಂಬ ತೆರೆ-ಓದುಗ ತಂತ್ರಾಂಶ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಕೈಬರಹದ ಟಿಪ್ಪಣಿಯನ್ನು ಫೋಟೊ ತೆಗೆದು ಹಂಚಿದರೆ ಆ ಕಡತದಲ್ಲಿ ಚಿತ್ರವಷ್ಟೇ ಇರುತ್ತದೆ, ಓದಲು ಅಕ್ಷರಗಳಿರುವುದಿಲ್ಲ. ಆದ್ದರಿಂದ ದುಬಾರಿ ಉಪಕರಣಗಳ ಖರೀದಿಗೆ ಮುನ್ನ ಪ್ರತಿ ವಿಭಾಗವೂ ತನ್ನ ಟಿಪ್ಪಣಿಗಳನ್ನು ಟೈಪ್ ಮಾಡಿದ ಪಠ್ಯವಾಗಿ ಸಿದ್ಧಪಡಿಸಿ, ಅಧ್ಯಾಪಕರೊಬ್ಬರು ತಿದ್ದಿ ನೋಡಿದ ಮೇಲೆಯೇ ವಿದ್ಯಾರ್ಥಿಗಳಿಗೆ ಕೊಡಬೇಕು.