ಬಾವಿಯ ಹೂಳೆತ್ತುವಾಗ ಹಗ್ಗಕ್ಕೆ ಹಾಕತಕ್ಕ ಗಂಟು

ಬೇಸಗೆಯಲ್ಲಿ ನೀರು ತಗ್ಗಿದೊಡನೆ ತೆರೆದ ಬಾವಿಗಳ ಹೂಳೆತ್ತುವ ಕೆಲಸಕ್ಕೆ ರೈತರು ಕೈಹಾಕುವರು. ಹಗ್ಗವನ್ನು ಕೊಳ್ಳುವಾಗ ಅದರ ನಾರನ್ನೂ ದಪ್ಪವನ್ನೂ ನೋಡುವವರು ಗಂಟಿನ ವಿಷಯದಲ್ಲಿ ಅಷ್ಟು ಲಕ್ಷ್ಯ ಕೊಡುವುದಿಲ್ಲ. ಬಾವಿಗಿಳಿದ ಆಳಿನ ಪ್ರಾಣವು ಹಗ್ಗವನ್ನು ನಂಬಿರುವಷ್ಟೇ ಗಂಟನ್ನೂ ನಂಬಿರುವುದು.

ಹಗ್ಗವು ನೆಟ್ಟಗಿರುವಾಗ ಎಳೆಗಳೆಲ್ಲವೂ ಭಾರವನ್ನು ಹಂಚಿಕೊಳ್ಳುತ್ತವೆ. ಗಂಟಿನ ಬಾಗಿನಲ್ಲಿ ಹೊರಮೈಯ ಎಳೆಗಳು ಬಿಗಿದು, ಒಳಮೈಯವು ಸಡಿಲವಾಗಿ, ಭಾರವು ಕೆಲವೇ ಎಳೆಗಳ ಮೇಲೆ ಬೀಳುವುದು. ಸಾಧಾರಣವಾದ ಒಂಟಿ ಗಂಟಿನಿಂದ ಹಗ್ಗದ ಬಲವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದಕಾರಣ ತುಂಡು ಹಗ್ಗಗಳನ್ನು ಗಂಟು ಹಾಕಿ ಉದ್ದ ಮಾಡಿ ಮನುಷ್ಯನನ್ನು ಇಳಿಸಕೂಡದು. ಅಂತಹ ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು. ಹಗ್ಗವು ತುಂಡಾಗುವ ಭಾರದ ೧೦ರಲ್ಲಿ ೧ ಪಾಲಿಗಿಂತ ಹೆಚ್ಚನ್ನು ಅದಕ್ಕೆ ಹೊರಿಸದಿರುವುದು ಕ್ಷೇಮ.

ಕೊಡದ ಕಂಠಕ್ಕೆ ಹಾಕುವ ಜೀರುಗುಣಿಕೆಯನ್ನು ಎಲ್ಲರೂ ಬಲ್ಲರು. ಭಾರ ಹೆಚ್ಚಿದಷ್ಟೂ ಅದು ಬಿಗಿಯುವುದರಿಂದ ಕೊಡವು ಜಾರುವುದಿಲ್ಲ. ಕೊಡಕ್ಕೆ ಗುಣವಾದ ಇದೇ ಕುಣಿಕೆಯು ಮನುಷ್ಯನ ಎದೆಗೆ ಬಿದ್ದರೆ ಅವನ ಮೈಭಾರವೇ ಉಸಿರನ್ನು ಹಿಸುಕುವುದು. ಮನುಷ್ಯನಿಗೆ ಜೀರದ ಕುಣಿಕೆಯೇ ಬೇಕು. ಹಡಗಿನವರು ಬಹುಕಾಲದಿಂದ ಬಳಸಿರುವ ಅಂತಹ ಕುಣಿಕೆಯನ್ನು ಕಟ್ಟುವ ರೀತಿ ಹೀಗೆ:

ಹಗ್ಗದ ತುದಿಯಿಂದ ನಾಲ್ಕು ಮೊಳ ಹಿಂದಕ್ಕೆ ಒಂದು ಸಣ್ಣ ಸುರುಳಿಯನ್ನು ಮಾಡಬೇಕು. ತುದಿಯ ಕಡೆಯ ಹಗ್ಗವು ಮೇಲೆಯೂ, ಭಾರ ಹೊರುವ ಹಗ್ಗವು ಅದರ ಅಡಿಯಲ್ಲಿಯೂ ಹಾಯ್ದಿರಬೇಕು. ತುದಿಯನ್ನು ಆಳಿನ ಮೈಸುತ್ತ ತಂದು, ಸುರುಳಿಯೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಭಾರ ಹೊರುವ ಹಗ್ಗದ ಹಿಂದಿನಿಂದ ಸುತ್ತಿ, ಬಂದ ದಾರಿಯಲ್ಲಿಯೇ ಸುರುಳಿಯೊಳಕ್ಕೆ ಇಳಿಸಿ ಎಳೆಯತಕ್ಕದ್ದು. ಸುರುಳಿಯನ್ನು ತಿರುವುಮುರುವಾಗಿ ಮಾಡಿದರೆ ಎಳೆದೊಡನೆ ಗಂಟು ಕೂಡದೆ ಬಿಚ್ಚಿಹೋಗುವುದು. ಹೊಸಬರ ತಪ್ಪು ಹೆಚ್ಚಾಗಿ ಇಲ್ಲಿಯೇ. ಈ ಗಂಟು ಭಾರದಲ್ಲಿ ಜಾರುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚುವುದಕ್ಕೂ ಸುಲಭ. ಆದರೆ ಹಗ್ಗವು ಪದೇಪದೇ ಸಡಿಲಿ ಬಿಗಿಯುತ್ತಿದ್ದರೆ ಅದು ತಾನಾಗಿಯೇ ಬಿಚ್ಚಿಕೊಳ್ಳುವುದುಂಟು. ಆದುದರಿಂದ ಒಂದು ಗೇಣಿಗೆ ಕಡಮೆಯಿಲ್ಲದಂತೆ ತುದಿಯನ್ನು ಉಳಿಸಿ, ಕುಣಿಕೆಯ ಪಕ್ಕದ ಹಗ್ಗಕ್ಕೆ ಅದನ್ನು ಎರಡು ಸುತ್ತಿನ ಗಂಟಿನಿಂದ ಬಿಗಿಯಬೇಕು. ನೈಲಾನ್ ಹಗ್ಗವು ನುಣುಪಾದುದರಿಂದ ಅದಕ್ಕೆ ಇನ್ನೂ ಉದ್ದವಾದ ತುದಿ ಅವಶ್ಯ.

ಎದೆಯ ಕುಣಿಕೆಯೊಂದರಲ್ಲಿಯೇ ಆಳನ್ನು ತೂಗುಹಾಕುವುದು ಸರಿಯಲ್ಲ. ಜೀರದ ಕುಣಿಕೆಯಾದರೂ ಬಹಳ ಹೊತ್ತು ತೂಗಿದರೆ ಉಸಿರಿಗೆ ಕಷ್ಟವಾಗುತ್ತದೆ. ಇಳಿಯುವುದಕ್ಕೆ ಹಲಗೆಯ ಪೀಠವಿರಲಿ. ಎದೆಯ ಕುಣಿಕೆಯನ್ನು ಬೇರೊಂದು ಕಾವಲು ಹಗ್ಗಕ್ಕೆ ಕಟ್ಟಿ, ಅದನ್ನು ಮೇಲೆ ಪ್ರತ್ಯೇಕವಾಗಿ ಇಬ್ಬರು ಹಿಡಿದಿರಲಿ. ಹೂಳಿನ ಪುಟ್ಟಿಯ ಹಗ್ಗಕ್ಕೆ ಮನುಷ್ಯನನ್ನು ಎಂದಿಗೂ ಕಟ್ಟಕೂಡದು. ಇಳಿಸುವ ಮೊದಲು ಆಳಿನ ಎರಡರಷ್ಟು ತೂಕದ ಮರಳಿನ ಚೀಲವನ್ನು ಅದೇ ಹಗ್ಗಕ್ಕೆ ಅದೇ ಗಂಟಿನಿಂದ ಕಟ್ಟಿ, ನೆಲದಿಂದ ಗೇಣೆತ್ತರಕ್ಕೆ ಎತ್ತಿ ಕೆಲವು ನಿಮಿಷ ನಿಲ್ಲಿಸಿ, ಗಂಟು ಸರಿದಿದೆಯೇ ಎಂದು ನೋಡತಕ್ಕದ್ದು.

ಹಳೆಯ ಬಾವಿಗಳ ತಳದಲ್ಲಿ ಕೆಟ್ಟ ಗಾಳಿ ನಿಂತಿರಬಹುದು. ದೀಪವನ್ನಿಳಿಸಿ ನೋಡುವ ವಾಡಿಕೆಯುಂಟಾದರೂ ಎಲ್ಲ ವಿಷಗಾಳಿಯನ್ನೂ ದೀಪವು ತೋರಿಸದು. ಹತ್ತಿಕೊಳ್ಳುವ ಗಾಳಿಯಿದ್ದರೆ ದೀಪವೇ ಅಪಾಯ. ಅಂತಹ ಬಾವಿಯಲ್ಲಿ ಗಾಳಿಯನ್ನು ಪರೀಕ್ಷಿಸದೆ ಯಾರನ್ನೂ ಇಳಿಸದಂತೆ ಗ್ರಾಮಮುಖಂಡರು ತಡೆಯತಕ್ಕದ್ದು. ಕೆಟ್ಟ ಗಾಳಿ ತಗಲಿದವನು ಕೂಗುವುದಕ್ಕೂ ಹಗ್ಗ ಹಿಡಿಯುವುದಕ್ಕೂ ಮೊದಲೇ ಎಚ್ಚರತಪ್ಪಬಹುದು. ಆಗ ಅವನನ್ನು ಮೇಲಕ್ಕೆ ತರುವುದು ಎದೆಗೆ ಕಟ್ಟಿದ ಕಾವಲು ಹಗ್ಗವೊಂದೇ. ಅವನನ್ನು ಎತ್ತುವುದಕ್ಕೆಂದು ಮತ್ತೊಬ್ಬನು ಹಾಗೆಯೇ ಇಳಿದು ಇಬ್ಬರೂ ಮಡಿದ ಸಂಗತಿಗಳು ಅನೇಕ. ಮೇಲಿದ್ದವರು ಇಳಿಯದೆ ಕಾವಲು ಹಗ್ಗವನ್ನು ಎಳೆಯಬೇಕು.